ಹನ್ನೊಂದನೆಯ ಹುಣಸೆ ಬೀಜ

ನನ್ನ ಕೈಚೀಲಕ್ಕೆ ಯಾರೇ ಕೈ ಹಾಕಲಿ, ಮೊದಲು ಸಿಗುವುದು ಹುಣಸೆ ಬೀಜ. ಕನ್ನಡಕ ಆಮೇಲೆ, ಬೀಗದ ಕೈ ಇನ್ನೂ ಆಮೇಲೆ. ಬೆಳಿಗ್ಗೆ ಶಿರಸಿಯಿಂದ ಹೆಗ್ಗರಣೆ ಕಡೆ ಹೋಗುವ ಬಸ್ಸು ಹತ್ತಿ, ಕಂಡಕ್ಟರಿಗೆ ತೋರಿಸಲೆಂದು ಆಧಾರ್ ಕಾರ್ಡು ಎಳೆದರೆ ಅದರ ಜೊತೆಗೆ ಎರಡು ಬೀಜ ಉದುರಿ ಸೀಟಿನಡಿ ಉರುಳುತ್ತವೆ. ನಾನು ಬಗ್ಗಿ ಹುಡುಕುತ್ತೇನೆ. ಕಂಡಕ್ಟರು ಹಾವೇರಿ ಕಡೆಯವರು. "ಏನ್ರಿ ಅಕ್ಕಾರ, ಬಸ್ಸಿನಾಗ ಚೌಕಾಬಾರ ಹೂಡ್ತೀರೇನು?" ಎನ್ನುತ್ತಾರೆ. ಹಿಂದಿನ ಸೀಟಿನವರು ನಗುತ್ತಾರೆ. ನನಗೆ ನಗು ಬರುವುದಿಲ್ಲ, ಏಕೆಂದರೆ ಸಿಕ್ಕಿದ್ದು ಒಂದೇ ಬೀಜ. ಇನ್ನೊಂದು ಎಲ್ಲಿ ಹೋಯಿತು?

ನಾನು ಸಿದ್ದಾಪುರ ತಾಲೂಕಿನ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ಇಯತ್ತೆಯವರೆಗಿನ ಮಕ್ಕಳಿಗೆ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ. ಮೂರೂ ಇಯತ್ತೆಗಳು ಒಂದೇ ಕೋಣೆಯಲ್ಲಿ, ದುಂಡು ಮೇಜುಗಳ ಸುತ್ತ. ಕೂಡಿಸುವ ಲೆಕ್ಕವನ್ನು ನಾನು ಹಲಗೆಯ ಮೇಲೆ ಶುರು ಮಾಡುವುದಿಲ್ಲ, ಬೀಜದಲ್ಲಿ ಶುರು ಮಾಡುತ್ತೇನೆ. ಹುಣಸೆ ಬೀಜದ ಒಂದು ಬದಿಯನ್ನು ಜಗಲಿಯ ಕಲ್ಲಿಗೆ ಉಜ್ಜಿದರೆ ಒಳಗಿನ ಬಿಳಿ ಕಾಣುತ್ತದೆ. ಉಜ್ಜುವಾಗ ಅದು ಬಿಸಿಯಾಗುತ್ತದೆ. ಬಿಸಿ ಬೀಜವನ್ನು ಪಕ್ಕದವನ ತೋಳಿಗೆ ಒತ್ತಿ ಚುರುಕು ಮುಟ್ಟಿಸುವುದು ಈ ವಿದ್ಯೆಯ ಮೊದಲ ಪಾಠ, ಅದನ್ನು ಯಾರೂ ಕಲಿಸಬೇಕಿಲ್ಲ. ಹೀಗೆ ಉಜ್ಜಿದ ಹತ್ತು ಬೀಜಗಳನ್ನು ಹಳೆಯ ಖಣದ ಬಟ್ಟೆಯಲ್ಲಿ ಹೊಲಿದ ಚೀಲಕ್ಕೆ ಹಾಕಿದರೆ ಆಟದ ಸಾಮಾನು ಮುಗಿಯಿತು. ಎರಡು ಕೈಯಲ್ಲಿ ಕುಲುಕಿ ಚೆಲ್ಲಬೇಕು. ಬಿಳಿ ಬಿದ್ದದ್ದು ಆರು, ಕಪ್ಪು ನಾಲ್ಕು. ಮತ್ತೆ ಚೆಲ್ಲಿದರೆ ಬಿಳಿ ಮೂರು, ಕಪ್ಪು ಏಳು. ಹತ್ತು ಎನ್ನುವುದು ಎಷ್ಟು ಬಗೆಯಲ್ಲಿ ಒಡೆದು ಹೋದರೂ ಒಟ್ಟಿಗೆ ಬಾಚಿದರೆ ಹತ್ತೇ ಎನ್ನುವುದು ಮಕ್ಕಳಿಗೆ ಮೊದಲು ಕೈಗೆ ಗೊತ್ತಾಗುತ್ತದೆ. ತಲೆಗೆ ಗೊತ್ತಾಗುವುದು ನಿಧಾನಕ್ಕೆ, ಬೈಠಕ್ಕಿಗೆ ಕೊನೆಯಲ್ಲಿ ಬರುವ ದೊಡ್ಡ ಮನುಷ್ಯರ ಹಾಗೆ.

ಎರಡನೆಯ ಆಟ ಗರಟೆಯದು. ಒಬ್ಬರು ಹತ್ತರಲ್ಲಿ ಕೆಲವನ್ನು ತೆಂಗಿನ ಗರಟೆಯ ಕೆಳಗೆ ಅಡಗಿಸಬೇಕು. ಹೊರಗೆ ಉಳಿದದ್ದನ್ನು ನೋಡಿ, ಒಳಗಿರುವುದು ಎಷ್ಟೆಂದು ಇನ್ನೊಬ್ಬರು ಹೇಳಬೇಕು. ಮೂರನೆಯದು ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಕುಂಟಾಬಿಲ್ಲೆ. ನಾಲ್ಕರ ಮನೆಯಿಂದ ಐದು ಸಲ ಕುಂಟಿದರೆ ಯಾವ ಮನೆ? ಈ ಮೂರನೆಯದನ್ನು ಮಕ್ಕಳಿಗೆ ತೋರಿಸಿಕೊಡಲು ಹೋಗಿ ನಾನು ಒಮ್ಮೆ ಏಳರ ಮನೆಯಲ್ಲಿ ಸೊಂಟ ಹಿಡಿದು ನಿಂತದ್ದೂ, ಮುಂದಕ್ಕೂ ಹಿಂದಕ್ಕೂ ಹೋಗಲಾರದೆ ಹೆಡ್ ಮಾಸ್ತರು ಬಂದು ಕುರ್ಚಿ ಕೊಟ್ಟದ್ದೂ ಊರಿಗೆಲ್ಲ ಗೊತ್ತು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಆಟದಲ್ಲಿ ಕಲಿಸುವುದು ಸಂತೋಷದ ಕೆಲಸ ಎಂದು ತರಬೇತಿಯಲ್ಲಿ ಹೇಳುತ್ತಾರೆ. ಹೇಳುವವರು ಬೀಜ ಎಣಿಸಿ ಚೀಲಕ್ಕೆ ತುಂಬಿದವರಲ್ಲ. ನಾನು ಹುಟ್ಟಾ ತಲೆಬಿಸಿಯವಳು. ಬೀಜ ಇರುವ ಕಡೆ ಮಕ್ಕಳ ಮೂಗೂ ಇರುತ್ತದೆ. ಮೂಗಿಗೆ ಎರಡು ಹೊಳ್ಳೆ. ಒಂದನೇ ಇಯತ್ತೆಯ ಮಗುವಿಗೆ ತೂತು ಕಂಡರೆ ಏನನ್ನಾದರೂ ತುರುಕಬೇಕು ಅನಿಸುತ್ತದೆ. ಒಂದು ಸಲ ಚೀಲದಲ್ಲಿ ಒಂಬತ್ತೇ ಇದ್ದವು. "ಯಾರಾದ್ರೂ ಮೂಗಿಗೆ ಹಾಕ್ಕಂಡ್ರಾ?" ಎಂದು ಕೇಳಿದೆ. ಒಬ್ಬ ಪುಟ್ಟ ಹೌದೆಂದು ತಲೆಯಾಡಿಸಿದ. ಹೆಡ್ ಮಾಸ್ತರರ ಬೈಕಿನಲ್ಲಿ ಅವನನ್ನು ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರು ಟಾರ್ಚು ಹಾಕಿ ನೋಡಿ, "ಮೂಗು ಸ್ವಚ್ಛ ಇದೆ, ಮುಷ್ಟಿ ಬಿಚ್ಚಿಸಿ ನೋಡಿ" ಎಂದರು. ಬೀಜ ಮುಷ್ಟಿಯಲ್ಲಿತ್ತು. ಬೈಕಿನಲ್ಲಿ ಹೋಗುವ ಆಸೆಗೆ ಅವನು ಹೌದು ಎಂದಿದ್ದನಂತೆ. ಅಂದಿನಿಂದ ಆಟ ಮುಗಿದ ಕೂಡಲೇ ನಾನು ಬೀಜ ಎಣಿಸುವುದು, ಒಂದು ಕಡಿಮೆಯಾದರೂ ಎಲ್ಲರ ಮೂಗನ್ನೂ ಬೆಳಕಿಗೆ ಹಿಡಿದು ನೋಡುವುದು ಪದ್ಧತಿಯಾಯಿತು. ಈಗ ನಾನು ಕೇಳುವುದೂ ಬೇಡ. ಚೀಲ ಕೈಗೆತ್ತಿಕೊಂಡರೆ ಸಾಕು, ಮಕ್ಕಳು ಸಾಲಾಗಿ ನಿಂತು, ಮಳೆ ಬರುತ್ತದೋ ಎಂದು ನೋಡುವವರ ಹಾಗೆ ಮೂಗೆತ್ತುತ್ತಾರೆ.

ಕಡಿಮೆಯಾದರೆ ಮೂಗು ನೋಡಬಹುದು. ಹೆಚ್ಚಾದರೆ ಏನನ್ನು ನೋಡಬೇಕು?

ಹೋದ ಮಾಘದ ಚಳಿ ಇಳಿಯುತ್ತಿದ್ದ ಹೊತ್ತಿಗೆ ಒಂದು ಚೀಲದಲ್ಲಿ ಹನ್ನೊಂದು ಬೀಜ ಸಿಕ್ಕಿತು. ನನ್ನ ಎಣಿಕೆಯೇ ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಹನ್ನೊಂದೇ. ಒಂದನ್ನು ತೆಗೆದಿಟ್ಟೆ. ಮರುದಿನ ಮತ್ತೆ ಹನ್ನೊಂದು. ಆ ಹೆಚ್ಚಿನ ಬೀಜವನ್ನು ಗುರುತಿಸುವುದು ಸುಲಭವಿತ್ತು. ಉಳಿದವುಗಳ ಒಂದು ಬದಿ ಬಿಳಿ, ಇದಕ್ಕೆ ಎರಡೂ ಬದಿ ಕಪ್ಪು. ಯಾರೂ ಉಜ್ಜದ, ನಮ್ಮ ಶಾಲೆಯದಲ್ಲದ ಬೀಜ. ಮನೆಯಲ್ಲಿ ಇದನ್ನೇ ಹೇಳಿಕೊಂಡೆ. ನನ್ನ ಯಜಮಾನರು ಪೇಪರಿನಿಂದ ಕಣ್ಣು ತೆಗೆಯದೆ, "ಅಲ್ದನೇ, ಕಡಿಮೆ ಆದ್ರೂ ತಲೆಬಿಸಿ, ಹೆಚ್ಚಾದ್ರೂ ತಲೆಬಿಸಿ. ಸರಿ ಇದ್ದ ದಿನ ಎಂತ ಮಾಡ್ತೆ?" ಎಂದರು.

"ಸರಿ ಎಂತಕ್ಕೆ ಇದ್ದು ಹೇಳಿ ತಲೆಬಿಸಿ ಮಾಡ್ತೆ," ಎಂದೆ.

ಸರಿ ಇದ್ದದ್ದಕ್ಕೂ ತಲೆಬಿಸಿ ಎಂದದ್ದನ್ನು ಅವರು ತಮಾಷೆ ಎಂದುಕೊಂಡರು. ಆ ದಿನಗಳಲ್ಲಿ ನನಗೆ ನಿಜವಾದ ತಲೆಬಿಸಿಯೊಂದು ಬೇರೆಯೇ ಇತ್ತು. ಅದು ಎರಡನೇ ಇಯತ್ತೆಯ ಧನ್ಯಾಳದು.

ಧನ್ಯಾ ಮಾತು ಕಡಿಮೆಯ ಹುಡುಗಿ. ಮಾತಿಗೆ ಬದಲು ಅವಳ ಕೈ ಓಡಾಡುತ್ತದೆ. ಬೀಜವನ್ನು ಮುಟ್ಟಿ, ಸಾಲು ಹಚ್ಚಿ, ಮತ್ತೆ ಕೆಡಿಸಿ, ಅವಳ ಬೆರಳು ಸುಮ್ಮನೆ ಇದ್ದದ್ದನ್ನು ನಾನು ನೋಡಿಲ್ಲ. ಎಣಿಸು ಎಂದರೆ ಐವತ್ತರವರೆಗೆ ತಪ್ಪಿಲ್ಲದೆ ಎಣಿಸುತ್ತಾಳೆ. ಆದರೆ ಕೂಡಿಸು ಎಂದರೆ ಆಗುವುದೇ ಬೇರೆ. ಐದೂ ಮೂರೂ? ಒಂಬತ್ತು. ನಾಲ್ಕೂ ಎರಡೂ? ಏಳು. ಪ್ರತಿ ಸಲವೂ ಒಂದೇ ಒಂದು ಹೆಚ್ಚು. ತಪ್ಪಿಗೂ ಒಂದು ಶಿಸ್ತು ಇರುವುದನ್ನು ಅವಳಲ್ಲಿಯೇ ನೋಡಿದ್ದು. ಒಂಬತ್ತು ಎಂದು ಹೇಳಿ ನನ್ನ ಮುಖ ನೋಡುತ್ತಿದ್ದಳು. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ. ಏನೋ ಒಳ್ಳೆಯದು ಮಾಡಿದವರು ನೋಡುವ ಹಾಗಿತ್ತು.

ಅವಳ ಅಪ್ಪ ರಾಮ ನಾಯ್ಕರಿಗೆ ಒಂದು ಗೂಡ್ಸ್ ರಿಕ್ಷಾ ಇದೆ. ಒಂದು ಮಧ್ಯಾಹ್ನ ಅದನ್ನು ಶಾಲೆಯ ಗೇಟಿನ ಹತ್ತಿರ ನಿಲ್ಲಿಸಿ ಒಳಗೆ ಬಂದರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

"ಅಕ್ಕೋರೆ, ನಿಮ್ಮ ಮೇಲೆ ನಂಗೆ ಎಂತ ಬೇಜಾರೂ ಇಲ್ಲ," ಎಂದು ಶುರು ಮಾಡಿದರು. ಹೀಗೆ ಶುರುವಾದ ಮಾತು ಎಲ್ಲಿಗೆ ಹೋಗುತ್ತದೆಂದು ಇಷ್ಟು ವರ್ಷ ಪಾಠ ಮಾಡಿದವಳಿಗೆ ಗೊತ್ತಿಲ್ಲವೆ? "ಆದ್ರೆ ಕೂಸಿಗೆ ಐದೂ ಮೂರೂ ಎಷ್ಟು ಕೇಳಿದ್ರೆ ಒಂಬತ್ತು ಅಂತದೆ. ನನ್ನ ತಮ್ಮನ ಹುಡುಗ ವ್ಯಾನಲ್ಲಿ ಪ್ಯಾಟಿ ಶಾಲೆಗೆ ಹೋಗ್ತಾನೆ, ಇದ್ಕಿಂತ ಸಣ್ಣವ. ಮಗ್ಗಿ ಪಟಪಟ ಹೇಳ್ತಾನೆ. ಇದು ಮನೆಗೆ ಬಂದು ಎಂತ ಕಲ್ತೆ ಅಂದ್ರೆ ಬೀಜ ಆಡಿದೆ ಅಂತದೆ. ಪಾಲಕರ ಸಭೆ ದಿನ ಬತ್ತೇನೆ. ಅವತ್ತೂ ಇದೇ ಕತೆ ಆದ್ರೆ ಬೇಸಗೆ ರಜೆ ಕಳ್ದ್ಮೇಲೆ ವ್ಯಾನಿಗೇ ಹಾಕೂದು."

ಆ ವ್ಯಾನು ಬರುವುದು ಬೆಳಗ್ಗೆ ಏಳಕ್ಕೂ ಮೊದಲು. ಧನ್ಯಾಳಿಗೆ ವಾಹನ ಆಗುವುದಿಲ್ಲ. ಶಾಲೆಯಿಂದ ಸೋಂದಾಕ್ಕೆ ಪ್ರವಾಸ ಹೋದಾಗ ದಾರಿಯುದ್ದಕ್ಕೂ ನನ್ನ ಮಡಿಲಿನಲ್ಲಿ ಮಲಗಿದ್ದು, ಮಠದ ಮೆಟ್ಟಿಲ ಮೇಲೆ ಕುಳಿತು ಲಿಂಬೆ ಹಣ್ಣು ಮೂಸುತ್ತ ಇದ್ದದ್ದು ನನಗೆ ನೆನಪಿದೆ. ದಿನಾ ಎರಡು ಸಲ ಆ ತಿರುವುಗಳಲ್ಲಿ ಹೋಗಿಬಂದು ಈ ಹುಡುಗಿ ಇನ್ನೇನನ್ನು ಕೂಡಿಸಿಯಾಳು? ಹಾಗೆಂದು ರಾಮ ನಾಯ್ಕರಿಗೆ ಹೇಳಿದೆ. "ರೂಢಿ ಆತದೆ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳು ಹಿಂದೆ ಬೀಳುತ್ತಾಳೆ ಎನ್ನುವ ಭಯ ಇತ್ತು. ಒಬ್ಬ ತಲೆಬಿಸಿಯವರಿಗೆ ಇನ್ನೊಬ್ಬ ತಲೆಬಿಸಿಯವರ ಗುರುತು ಬೇಗ ಸಿಗುತ್ತದೆ.

ಅವರು ಹೋದ ಮೇಲೆ ನನ್ನ ಮೇಲೇ ನನಗೆ ಅನುಮಾನ ಶುರುವಾಯಿತು. ನಾನು ಚಿಕ್ಕವಳಿದ್ದಾಗ ನಮ್ಮ ಶಾಲೆಯಲ್ಲಿ ಬೀಜವೂ ಇಲ್ಲ, ಗರಟೆಯೂ ಇಲ್ಲ. ಒಂದೂ ಒಂದೂ ಎರಡು, ಎರಡೂ ಒಂದೂ ಮೂರು ಎಂದು ಸಾಲಾಗಿ ನಿಂತು ಕೂಗುವುದು. ಕೂಗಿನಲ್ಲಿ ಸೇರಿಕೊಂಡರೆ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ನಾನು ತುಟಿ ಆಡಿಸಿಕೊಂಡೇ ಒಂದು ವರ್ಷ ಕಳೆದಿದ್ದೆ. ಆದರೂ ಕಲಿತೆವಲ್ಲ! ಹಾಗಾದರೆ ಈ ಬೀಜ, ಈ ಕುಂಟಾಬಿಲ್ಲೆ ಎಲ್ಲ ನನ್ನ ಖುಷಿಗೆ ಕಟ್ಟಿಕೊಂಡದ್ದೆ? ಹೆಡ್ ಮಾಸ್ತರರನ್ನು ಕೇಳಿದೆ. ಅವರು ಯಲ್ಲಾಪುರದ ವಜ್ರಳ್ಳಿ ಕಡೆಯವರು, ಯಾವುದಕ್ಕೂ ತಲೆಬಿಸಿ ಮಾಡಿಕೊಳ್ಳುವವರಲ್ಲ. "ಹುಣಸೆ ಬೀಜ ಇವತ್ತು ಹುಗಿದ್ರೆ ನಾಳೆ ಮರ ಆಗ್ತದ ಅಕ್ಕೋರೆ?" ಎಂದರು. ಒಳ್ಳೆಯ ಮಾತೇ. ಆದರೆ ಪಾಲಕರ ಸಭೆ ಮರ ಆಗುವವರೆಗೆ ಕಾಯುವುದಿಲ್ಲ.

ಅದಕ್ಕಿಂತ ಹೆಚ್ಚು ನನ್ನನ್ನು ಚುಚ್ಚಿದ್ದು ಬೇರೆ. ಅಪ್ಪ ಬಂದುಹೋದ ಮರುದಿನದಿಂದ ಧನ್ಯಾ ತನ್ನ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂರತೊಡಗಿದಳು. ಮನೆಯಲ್ಲಿ ಬೈಸಿಕೊಂಡಿರಬೇಕು. ಬೀಜ ಚೆಲ್ಲು ಎಂದರೆ ಪಕ್ಕದವಳಿಗೆ ಸರಿಸುತ್ತಿದ್ದಳು. ಐದೂ ಮೂರೂ ಎಂದರೆ ಒಂಬತ್ತು ಎನ್ನುವುದನ್ನೂ ನಿಲ್ಲಿಸಿ ಸುಮ್ಮನಾದಳು. ಚೀಲದಲ್ಲಿ ಬೀಜ ಸರಿಯಾಗಿ ಹತ್ತೇ ಇರತೊಡಗಿತು. ಯಜಮಾನರಿಗೆ ಹೇಳಿದ್ದು ನಿಜವಾಯಿತು. ಲೆಕ್ಕ ಸರಿಯಾಗಿದೆ ಎಂದೇ ನನಗೆ ಹೆದರಿಕೆಯಾಯಿತು. ಹನ್ನೊಂದನೆಯ ಬೀಜಕ್ಕೂ ಈ ಹುಡುಗಿಯ ಕೈಗೂ ಏನೋ ಸಂಬಂಧವಿದೆ ಎಂದು ಹೊಳೆದದ್ದು ಆಗ. ಏನು ಸಂಬಂಧ ಎನ್ನುವುದು ಮಾತ್ರ ಹೊಳೆಯಲಿಲ್ಲ.

ಹೊಳೆದದ್ದು ಶಿರಸಿಯ ಸಂತೆಯಲ್ಲಿ. ಅಪ್ಪೆಮಿಡಿ ಬರುವ ಕಾಲ. ಉಪ್ಪಿನಕಾಯಿಯ ಈ ಮಾವಿನ ಮಿಡಿಯನ್ನು ನಮ್ಮಲ್ಲಿ ತೂಗಿ ಕೊಳ್ಳುವುದಿಲ್ಲ, ಎಣಿಸಿ ಕೊಳ್ಳುತ್ತೇವೆ. ತೊಟ್ಟು ಮುರಿದು ಸೊನೆ ಮೂಸಿ ನೋಡುತ್ತ ಹೋಗುತ್ತಿದ್ದವಳಿಗೆ ಒಂದು ಬುಟ್ಟಿಯ ಹಿಂದೆ ಧನ್ಯಾ ಕಂಡಳು. ನನ್ನನ್ನು ಕಂಡದ್ದೇ ಅಜ್ಜಿಯ ಸೆರಗಿನ ಹಿಂದೆ ಸೇರಿದಳು. ಅಜ್ಜಿ ದೇವಮ್ಮ, ರಾಮ ನಾಯ್ಕರ ತಾಯಿ. "ಓ, ನಮ್ಮ ಕೂಸಿನ ಅಕ್ಕೋರಾ! ಬನ್ನಿ ಬನ್ನಿ. ಮೂಸ್ನೋಡಿ ಬೇಕಾರೆ, ಜೀರಿಗೆ ಪರಿಮಳ," ಎಂದು ಎಣಿಸತೊಡಗಿದರು. ಒಂದು ಕೈಗೆ ಐದೈದು. ಐವತ್ತಕ್ಕೆ ಒಂದು ರಾಶಿ, ಮತ್ತೆ ಐವತ್ತಕ್ಕೆ ಒಂದು ರಾಶಿ. ನಡುವೆ ಪಕ್ಕದವಳ ಜೊತೆ ಬಾಳೆಕಾಯಿಯ ಮಾತು. ಎಷ್ಟಾಯಿತೆಂದು ಮರೆತು ಒಮ್ಮೆ ನನ್ನನ್ನೇ ಕೇಳಿದರು, ನಾನೂ ಮರೆತಿದ್ದೆ. ಕೊನೆಗೆ ಎರಡು ರಾಶಿಯನ್ನೂ ಒಟ್ಟಿಗೆ ಬಾಚಿ ನನ್ನ ಚೀಲಕ್ಕೆ ಸುರಿದು, ಹಿಂದೆ ತಿರುಗಿ, "ಕೂಸೇ, ಕೊಸರು ಹಾಕು," ಎಂದರು.

ಧನ್ಯಾ ಸೆರಗಿನ ಹಿಂದಿನಿಂದ ಬಂದಳು. ಬುಟ್ಟಿಯಲ್ಲಿ ಕೈಯಾಡಿಸಿ, ಸಣ್ಣದನ್ನು ಬಿಟ್ಟು, ಒಂದು ಚೆಂದದ ಮಿಡಿಯನ್ನು ಆರಿಸಿ ನನ್ನ ಚೀಲದ ಮೇಲಿಟ್ಟಳು. ಇಟ್ಟು ನನ್ನ ಮುಖ ನೋಡಿದಳು. ಅದೇ ನೋಟ. ಒಂಬತ್ತು ಎಂದು ಹೇಳಿ ನೋಡುತ್ತಿದ್ದ ನೋಟ.

"ಕೊಸರು ಮಕ್ಕಳ ಕೈಲೇ ಹಾಕ್ಸ್ಬೇಕು ಅಕ್ಕೋರೆ. ನಾವು ಹಾಕೂಕೆ ಹೋದ್ರೆ ನಮ್ಮ ಕೈ ಹಿಂದೆ ಹಿಂದೆ ಬತ್ತದೆ," ಎಂದು ದೇವಮ್ಮ ನಕ್ಕರು. "ಮತ್ತೆ ನಂದು ಎಣಿಸೂದು ನೀವೇ ನೋಡಿದ್ರಲ್ಲ. ಬಾಯಿ ಒಂದ್ಕಡೆ, ಕೈ ಒಂದ್ಕಡೆ. ಒಂದು ಮೇಲೆ ಬಿದ್ರೆ ತಗಂಡೋರು ಬೈಯೂದಿಲ್ಲ."

ಆ ಹುಡುಗಿ ನಡೆಯಲು ಕಲಿತಾಗಿನಿಂದ ಅಜ್ಜಿಯ ಬುಟ್ಟಿಯ ಪಕ್ಕ ಕುಳಿತು ಮಾಡಿದ ಕೆಲಸ ಇದೊಂದೇ. ಎರಡು ರಾಶಿ ಕೂಡಿತು ಎಂದರೆ ಮೇಲೊಂದು ಇಡುವುದು. ನಾನು ಬೀಜದ ಎರಡು ಗುಂಪು ಮಾಡಿಸಿ, "ಕೂಡಿಸು" ಎಂದಾಗ ಅವಳು ಕೂಡಿಸಿ, ತನ್ನ ಜೇಬಿನಲ್ಲಿದ್ದ ಮನೆಯ ಬೀಜವೊಂದನ್ನು ಮೇಲಿಟ್ಟು ಕೊಟ್ಟಿದ್ದಳು. ಬೀಜ ಇಲ್ಲದಾಗ ಬಾಯಲ್ಲೇ ಒಂದು ಸೇರಿಸಿ ಕೊಟ್ಟಿದ್ದಳು. ನಮ್ಮ ಶಾಲೆಯ ಲೆಕ್ಕದಲ್ಲಿ ಕೊಸರು ಇಲ್ಲ ಎಂದು ಅವಳಿಗೆ ಯಾರು ಹೇಳಿದ್ದರು? ನನಗೇ ಯಾರೂ ಹೇಳಿರಲಿಲ್ಲ.

ಮನೆಗೆ ಬಂದು ಮಿಡಿಯನ್ನು ಉಪ್ಪಿಗೆ ಹಾಕುತ್ತ ಕೊಸರಿನ ಬಗ್ಗೆಯೇ ಯೋಚಿಸಿದೆ. ಯೋಚಿಸಿದಷ್ಟೂ ಅದು ಎಲ್ಲೆಲ್ಲೂ ಕಂಡಿತು. ತರಕಾರಿಯವಳು ಕೊನೆಗೆ ಎಸೆಯುವ ಕರಿಬೇವಿನ ಎಸಳು ಕೊಸರು. ಹೂವಿನವಳು ಮೊಳ ಹಾಕಿ ಆದ ಮೇಲೆ ಬಿಡುವ ನಾಲ್ಕು ಬೆರಳಿನ ದಂಡೆ ಕೊಸರು. ನಮ್ಮತ್ತೆಯವರ ಜಪದ ಸರದಲ್ಲಿ ಎಣಿಕೆಗೆ ನೂರೆಂಟು ಮಣಿ, ತುದಿಗೆ ಎಣಿಕೆಗೆ ಸೇರದ ಇನ್ನೊಂದು. ಹಿಂದೆ ಅಂಗಳದಲ್ಲಿ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದರು. ಲಾಭ, ಎರಡು, ಮೂರು. ಎಣಿಕೆಯೆಂದರೆ ಬರೀ ಎಷ್ಟಿದೆ ಎನ್ನುವುದಲ್ಲ, ಕಡಿಮೆ ಬೀಳದಿರಲಿ ಎನ್ನುವುದೂ ಹೌದು. ಹೀಗೆಲ್ಲ ದೊಡ್ಡ ವಿಚಾರ ಮಾಡುತ್ತ ಅನ್ನಕ್ಕಿಟ್ಟೆ. ಲೋಟದಲ್ಲಿ ಎರಡು ಅಳತೆ ಹಾಕಿದೆ. ಆಮೇಲೆ ನನ್ನ ಕೈ ನನ್ನನ್ನು ಕೇಳದೆ ಡಬ್ಬಿಗೆ ಹೋಗಿ ಒಂದು ಹಿಡಿ ತಂದು ಮೇಲೆ ಹಾಕಿತು. ಯಾರಾದರೂ ಬಂದರೆ ಎಂದು. ಯಾರು ಬರುತ್ತಾರೆ? ಇವತ್ತಿನ ದಿನ ಫೋನು ಮಾಡದೆ ಯಾರೂ ಬರುವುದಿಲ್ಲ. ಆ ಹಿಡಿ ಮರುದಿನ ಚಿತ್ರಾನ್ನವಾಗುತ್ತದೆ. ಆದರೂ ಹಾಕದೆ ಇರಲು ಧೈರ್ಯವಿಲ್ಲ.

ಹಾಗೆ ನೋಡಿದರೆ ನನ್ನ ತಲೆಬಿಸಿಯೆಲ್ಲ ಕೊಸರೇ ಅಲ್ಲವೆ? ಒಂಬತ್ತರ ಬಸ್ಸು ಸಾಕಾಗುವಲ್ಲಿ ಎಂಟೂವರೆಯದಕ್ಕೆ ಹೋಗಿ ನಿಲ್ಲುವುದು, ಬೀಗ ಹಾಕಿದ ಮೇಲೆ ಮತ್ತೊಮ್ಮೆ ಎಳೆದು ನೋಡುವುದು, ಇಡೀ ತರಗತಿಯ ಮೂಗು ನೋಡುವುದು. ದೇವಮ್ಮ ತಮ್ಮ ಎಣಿಕೆಯನ್ನು ನಂಬದೆ ಮಿಡಿ ಕೊಡುತ್ತಾರೆ. ನಾನು ನನ್ನ ಎಣಿಕೆಯನ್ನು ನಂಬದೆ ಚಿಂತೆ ಕೊಡುತ್ತೇನೆ. ತೆಗೆದುಕೊಂಡವರಿಗೆ ಯಾವುದು ರುಚಿ ಎಂದು ಕೇಳಬೇಕಾಗಿಲ್ಲ.

ಕಾರಣ ಗೊತ್ತಾದರೆ ತಲೆಬಿಸಿ ಇಳಿಯಬೇಕಿತ್ತು, ಏರಿತು. ಈಗ ಏನು ಮಾಡಲಿ? ಒಂದು ಹೆಚ್ಚು ಇಡಬೇಡ, ಅದು ತಪ್ಪು ಎಂದರೆ ಧನ್ಯಾಳಿಗೆ ಬಂದ ಒಂದೇ ಕೆಲಸವನ್ನು, ಅಜ್ಜಿ ನಂಬಿ ಕೊಟ್ಟ ಕೆಲಸವನ್ನು, ತಪ್ಪು ಎಂದ ಹಾಗೆ. ಆ ಕೈಗಳು ಆಗಲೇ ತೊಡೆಯಡಿ ಸೇರಿವೆ, ಇನ್ನು ಹೊರಗೆ ಬರಲಿಕ್ಕಿಲ್ಲ. ಹೇಳದೆ ಬಿಟ್ಟರೆ ಐದೂ ಮೂರೂ ಒಂಬತ್ತು, ಬಾಗಿಲಲ್ಲಿ ವ್ಯಾನು.

ಸೋಮವಾರ ಅವಳನ್ನು ಹತ್ತಿರ ಕೂರಿಸಿಕೊಂಡು, "ಮಿಡಿ ಚೊಲೋ ಇತ್ತು. ಕೊಸರು ಹಾಕಿದ್ಯಲ್ಲ, ಅದು ಎಲ್ಲಕ್ಕಿಂತ ಚೊಲೋ ಇತ್ತು," ಎಂದೆ. ಒಂದು ಕೈ ಹೊರಗೆ ಬಂತು. "ಹಂಗಾರೆ ನೂರು ಮಿಡಿ, ಮೇಲೆ ಕೊಸರು. ಅಜ್ಜಿ ಎಷ್ಟು ಕೊಟ್ಟೆ ಅಂತದೆ?"

"ನೂರು."

"ಕೊಸರು ಸೇರ್ಸೂದಿಲ್ವಾ?"

ನನಗೆ ಏನೂ ಗೊತ್ತಿಲ್ಲ ಎನ್ನುವ ಹಾಗೆ ನೋಡಿದಳು. "ಅದು ಎಣಿಸೂದಲ್ಲ ಅಕ್ಕೋರೆ, ಕೊಡೂದು."

ಅಲ್ಲಿಗೆ ದಾರಿ ಸಿಕ್ಕಿತು. ಒಂದು ಪುಟ್ಟ ಗರಟೆ ಹುಡುಕಿ ಅವಳಿಗೆ ಕೊಟ್ಟೆ. ಎಣಿಸುವುದೆಲ್ಲ ದೊಡ್ಡ ಗರಟೆಗೆ, ಕೊಸರು ಪುಟ್ಟ ಗರಟೆಗೆ. ಐದೂ ಮೂರೂ ದೊಡ್ಡದಕ್ಕೆ ಹಾಕಿ ಎಣಿಸಿದಳು, ಎಂಟು. ಜೇಬಿನಿಂದ ಕರಿಬೀಜ ತೆಗೆದು ಪುಟ್ಟದಕ್ಕೆ ಹಾಕಿದಳು. ಎರಡನೆಯ ಕೈಯೂ ಹೊರಗೆ ಬಂತು. ಉಳಿದ ಮಕ್ಕಳು ನಮಗೂ ಪುಟ್ಟ ಗರಟೆ ಬೇಕೆಂದು ಗದ್ದಲ ಹಾಕಿದರು. ಅದರಿಂದಲೇ ಒಂದು ಹೊಸ ಆಟ ಹುಟ್ಟಿಕೊಂಡಿತು. ನಾಲ್ಕೂ ನಾಲ್ಕೂ ಎಂಟು, ಆರೂ ಆರೂ ಹನ್ನೆರಡು ಎನ್ನುವ ಜೋಡಿಗಳು ಮಕ್ಕಳಿಗೆ ಬೇಗ ಬಾಯಿಗೆ ಬರುತ್ತವೆ. ಆರೂ ಏಳೂ ಎಂದರೆ ಮಾತ್ರ ಬೆರಳು ಹುಡುಕುತ್ತಾರೆ. ಏಳೆಂದರೆ ಏನು? ಆರು, ಅದರ ಮೇಲೆ ಕೊಸರು. ಜೋಡಿಯನ್ನು ದೊಡ್ಡ ಗರಟೆಗೆ ಹಾಕಿ, ಉಳಿದ ಒಂದನ್ನು ಪುಟ್ಟದಕ್ಕೆ ಹಾಕುವುದು. ಇಲ್ಲಿ ಮಾತ್ರ ಕೊಸರನ್ನೂ ಸೇರಿಸಿ ಹೇಳಬೇಕು, ಏಕೆಂದರೆ ಅದು ಏಳರ ಒಳಗಿನದೇ. ಇದನ್ನು ಹೇಳುವಾಗ ನನಗೇ ಗೊಂದಲವಾಯಿತು. ಒಂದು ಕಡೆ ಸೇರಿಸು, ಇನ್ನೊಂದು ಕಡೆ ಸೇರಿಸಬೇಡ ಎಂದು ಇರುವ ಗಂಟನ್ನೇ ಬಿಗಿ ಮಾಡಿದೆನೋ ಎಂದು ಆ ವಾರವೆಲ್ಲ ಬಸ್ಸಿನಲ್ಲಿ ಉಗುರು ಕಚ್ಚಿದೆ. ಎರಡು ಗರಟೆಯ ನಡುವೆ ಧನ್ಯಾಳ ಕೈ ಓಡಾಡುತ್ತಿತ್ತು, ಅಷ್ಟೇ.

ಪಾಲಕರ ಸಭೆಯ ದಿನ ಬಂದೇ ಬಂತು. ರಾಮ ನಾಯ್ಕರು ತಾಯಿಯನ್ನೂ ಕರೆದುಕೊಂಡು ಬಂದಿದ್ದರು. ಹೆಡ್ ಮಾಸ್ತರು ಭಾಷಣ ಮುಗಿಸಿದ ಮೇಲೆ ನಾನು, "ಈಗ ನೀವೆಲ್ಲ ನಿಮ್ಮ ಮಕ್ಕಳ ಜೊತೆ ಒಂದು ಆಟ ಆಡಬೇಕು," ಎಂದೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ದುಂಡು ಮೇಜಿನ ಸಣ್ಣ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕುಳಿತರು. ಮಕ್ಕಳು ಬೀಜ ಅಡಗಿಸುವವರು, ಪಾಲಕರು ಹೇಳುವವರು. ಹತ್ತರಲ್ಲಿ ಗರಟೆಯ ಕೆಳಗೆ ಎಷ್ಟು?

ನಾನು ಧನ್ಯಾಳ ಮೇಜಿನಿಂದ ದೂರ ನಿಲ್ಲಬೇಕೆಂದು ನಿಶ್ಚಯ ಮಾಡಿಕೊಂಡಿದ್ದೆ. ಕಾಲು ಅಲ್ಲಿಗೇ ಹೋಯಿತು. ಅವಳು ಕೈ ಮರೆಮಾಡಿ ಬೀಜ ಅಡಗಿಸಿದಳು. ಹೊರಗೆ ಆರು ಉಳಿದಿದ್ದವು. ರಾಮ ನಾಯ್ಕರು ಒಂದು ನೋಟಕ್ಕೇ, "ನಾಕು," ಎಂದರು. ಅದರಲ್ಲಿ ಏನು ಮಹಾ ಎನ್ನುವ ದನಿ. ಧನ್ಯಾ ಗರಟೆ ಎತ್ತಿದಳು.

ಐದು ಇದ್ದವು.

ಪಕ್ಕದ ಮೇಜಿನವರು ಹೋ ಎಂದು ನಕ್ಕರು. "ಎಂತದಾ ರಾಮ, ನಿಂಗೇ ಲೆಕ್ಕ ಬರೂದಿಲ್ಲ!" ರಾಮ ನಾಯ್ಕರ ಮುಖ ಕೆಂಪಾಯಿತು. ಅವರು ಬೀಜವನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಪುಟ್ಟ ಗರಟೆ ಮೇಜಿನ ತುದಿಯಲ್ಲಿ ಖಾಲಿ ಇತ್ತು. ಇಷ್ಟು ದಿನ ಬೇರೆ ಇಟ್ಟವಳು ಇವತ್ತೇ, ಎಲ್ಲ ಬಿಟ್ಟು ಇವತ್ತೇ, ಹೋಗಿ ಹೋಗಿ ಒಟ್ಟಿಗೆ ಇಟ್ಟಳಲ್ಲ! ನನಗೆ ಬೆಳಗಿನ ವ್ಯಾನಿನ ಹಾರ್ನು ಕಿವಿಯಲ್ಲಿ ಕೇಳಿದ ಹಾಗಾಯಿತು.

ಧನ್ಯಾ ಐದರಲ್ಲಿ ಒಂದನ್ನು ಬೆರಳಿನಿಂದ ಬೇರೆ ಸರಿಸಿದಳು. ಎರಡೂ ಬದಿ ಕಪ್ಪಿನದು. "ನೀ ಹೇಳಿದ್ದು ಸರಿ ಅಪ್ಪ, ನಾಕೇ. ಇದು ನಿಂಗೆ ಕೊಸರು," ಎಂದು ಅದನ್ನು ಎತ್ತಿ ಅವರ ಅಂಗೈಯಲ್ಲಿಟ್ಟಳು.

ದೇವಮ್ಮ ಜೋರಾಗಿ ನಕ್ಕರು. ರಾಮ ನಾಯ್ಕರು ನಗಲಿಲ್ಲ. ಅಂಗೈಯಲ್ಲಿದ್ದ ಬೀಜವನ್ನು ನೋಡುತ್ತಿದ್ದವರು ತಲೆಯೆತ್ತಿ, "ಹಂಗಾರೆ ಆರೂ ಏಳೂ ಎಷ್ಟು?" ಎಂದರು. ಧನ್ಯಾ ಬೀಜ ಮುಟ್ಟಲಿಲ್ಲ. ಕಿಟಕಿಯ ಕಡೆ ಸ್ವಲ್ಪ ನೋಡಿದಳು.

"ಹದಿಮೂರು."

"ಹೆಂಗೆ?"

"ಆರೂ ಆರೂ ಹನ್ನೆರಡು. ಏಳ್ರಲ್ಲಿ ಕೊಸರು ಒಳಗೇ ಅದೆ."

"ಅದ್ರ ಮೇಲೆ ಇನ್ನೊಂದು ಹಾಕೂದಿಲ್ವಾ?"

"ಒಂದೇ ಸಾಮಾನಿಗೆ ಎರಡು ಸಲ ಕೊಸರು ಕೊಟ್ರೆ ಅಜ್ಜಿ ಬೈತದೆ," ಎಂದಳು.

ಈ ಸಲ ರಾಮ ನಾಯ್ಕರೂ ನಕ್ಕರು. ಇನ್ನೂ ನಾಲ್ಕೈದು ಲೆಕ್ಕ ಕೇಳಿದರು. ಒಂಬತ್ತೂ ನಾಲ್ಕಕ್ಕೆ ಅವಳು ತಡವರಿಸಿದಳು, ಬೆರಳು ಮಡಚಿ ಕೊನೆಗೆ ಹೇಳಿದಳು. ಎಂಟೂ ಐದಕ್ಕೆ ತಪ್ಪಿದಳು, ಹನ್ನೆರಡು ಎಂದಳು. ಈ ಸಲ ಒಂದು ಕಡಿಮೆ. ಅವರು ಅದನ್ನು ದೊಡ್ಡದು ಮಾಡಲಿಲ್ಲ. ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು, "ಮೂರನೇ ಇಯತ್ತೆ ಇಲ್ಲೇ ಮುಗಿಸ್ಲಿ ಅಕ್ಕೋರೆ. ಆಮೇಲೆ ನೋಡ್ವ," ಎಂದರು. ಆ ಕರಿಬೀಜವನ್ನು ಮೇಜಿನ ಮೇಲಿಡದೆ, ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು. ಹೆಡ್ ಮಾಸ್ತರು ನನ್ನ ಹತ್ತಿರ ಬಂದು, "ನಾ ಹೇಳಿರ್ಲಿಲ್ವಾ?" ಎಂದರು. ಅವರು ಏನು ಹೇಳಿದ್ದರೆಂದು ನೆನಪು ಮಾಡಿಕೊಳ್ಳುವಷ್ಟು ತಾಳ್ಮೆ ನನಗಿರಲಿಲ್ಲ.

ಆಮೇಲೆ ನೋಡುವ. ಅಂದರೆ ಒಂದು ವರ್ಷ. ಬಸ್ಸಿನಲ್ಲಿ ಬರುವಾಗ ಸಂತೋಷ ಪಟ್ಟೆ. ಇಳಿಯುವ ಹೊತ್ತಿಗೆ ಒಂದು ವರ್ಷದ ಮೇಲೆ ಏನು ಎನ್ನುವ ಚಿಂತೆ ಶುರುವಾಗಿತ್ತು. ಎಂಟೂ ಐದು ಹೇಗೆ ಹೇಳಿಕೊಡುವುದು? ಆ ವ್ಯಾನು ಮುಂದಿನ ವರ್ಷವೂ ಬರುತ್ತದಲ್ಲ? ಯಜಮಾನರು ಬಾಗಿಲು ತೆರೆದವರೇ ನನ್ನ ಮುಖ ನೋಡಿ, "ಎಂತ ಆತೇ?" ಎಂದರು. "ಎಲ್ಲ ಸರಿ ಆತು," ಎಂದೆ. "ಓಹೋ, ಹಂಗಾರೆ ತಲೆಬಿಸಿ ಜೋರೇ ಇಕ್ಕು," ಎಂದು ಚಹಾಕ್ಕೆ ನೀರಿಟ್ಟರು.

ಮರುದಿನ ಆಟ ಮುಗಿದ ಮೇಲೆ ನಾನು ಎಂದಿನಂತೆ ಚೀಲ ಬಿಚ್ಚಿ ಬೀಜ ಎಣಿಸಿದೆ. ಮಕ್ಕಳು ಸಾಲಾಗಿ ನಿಂತು ಆಗಲೇ ಮೂಗೆತ್ತಿದ್ದರು. ಧನ್ಯಾಳದೂ ಎತ್ತಿತ್ತು, ಕಣ್ಣು ಮಾತ್ರ ನನ್ನ ಕೈಯ ಮೇಲಿತ್ತು. ಹನ್ನೊಂದು. ಮತ್ತೆ ಎಣಿಸಬೇಕೆಂದು ಬೆರಳು ಹೋಯಿತು. ತಡೆದು, ಹನ್ನೊಂದನ್ನೂ ಚೀಲಕ್ಕೆ ಹಾಕಿ ದಾರ ಎಳೆದು, "ಸಾಕು, ಮೂಗು ಇಳಿಸಿ," ಎಂದೆ.